ಕಿಟಕಿಯ ಬದಿಯ ಆಸನ

ಬೇವುಬೆಲ್ಲದ ಬಟ್ಟಲನ್ನು ನೆರೆಮನೆಗೂ ಕೊಂಡೊಯ್ಯಲಾಗದ ಯುಗಾದಿಯೊಂದನ್ನು ನಮ್ಮ ವಾಚಕರು ಮರೆತಿರಲಾರರು. 2020ರ ಮಾರ್ಚ್ 25. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರ ಭಾಷಣವಾಯಿತು. ನಡುರಾತ್ರಿಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮಂಥ ಕಾಲೇಜು ಮೇಷ್ಟರುಗಳು ಮೊದಲ ವಾರವನ್ನು ರಜೆಯೆಂದೇ ಬಗೆದು ಪುಸ್ತಕಗಳ ಧೂಳು ಕೊಡವುತ್ತ ಕುಳಿತೆವು. ಸುಳ್ಳೇಕೆ ಹೇಳಲಿ?

ಅದೇ ವಾರ ಸಿರಿಗೇರಿಯ ಮನೆಯೊಂದರಲ್ಲಿ ಏನಾಯಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕಾಲುವೆಯ ನೀರು ನಂಬಿ ಭತ್ತ ಬೆಳೆಯುವ ಒಕ್ಕಲು ಮನೆತನ ಅದು. ಒಂಬತ್ತು ವರ್ಷದ ಮಗನಿಗೆ ಆಟಿಸಂ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ತಾಯಿ ಅವನನ್ನು ಮಾತಿನ ತರಬೇತಿಗೆಂದು ಬಸ್ಸಿನಲ್ಲಿ ಬಳ್ಳಾರಿಗೆ ಕರೆದೊಯ್ಯುತ್ತಿದ್ದರು. ಅದೇ ಬಸ್ಸು, ಚಾಲಕನ ಹಿಂದಣ ಅದೇ ಕಿಟಕಿಯ ಬದಿಯ ಆಸನ. ಬಳ್ಳಾರಿಯ ಕೋಟೆಗುಡ್ಡ ಕಣ್ಣಿಗೆ ಬಿದ್ದೊಡನೆ ಹುಡುಗ "ಗುಡ್ಡ ಬಂತು" ಎನ್ನುವನು. ಎರಡು ವರ್ಷದ ತರಬೇತಿಯಲ್ಲಿ ತಾನಾಗಿ ಆಡಲು ಕಲಿತ ಮೊದಲ ಮಾತು ಅದು.

ಆಟಿಸಮ್ಮನ್ನು ಕನ್ನಡದಲ್ಲಿ 'ಸ್ವಲೀನತೆ' ಎಂದು ಕರೆದಿದ್ದಾರೆ. ಕನ್ನಡ ಎಂ.ಎ. ಮಾಡಿದ ತಪ್ಪಿಗೆ ಪದದೊಡನೆ ಒಂದಿಷ್ಟು ಜಗಳವಾಡುವ ಹಕ್ಕು ನನಗುಂಟಷ್ಟೆ. ತನ್ನಲ್ಲೇ ಲೀನವಾದ ಮಗು ಹೊರಗಿನ ಬಸ್ಸು ನಿಂತರೆ ಏಕೆ ಅಳಬೇಕು? 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಮೊತ್ತಮೊದಲಿಗೆ ಬರೆದಾಗ, ನಿನ್ನೆಯಂತೆಯೇ ಇಂದೂ ಇರಬೇಕೆಂಬ ಆ ಮಕ್ಕಳ ಹಟವನ್ನು ವಿಶೇಷವಾಗಿ ಗುರುತಿಸಿದ್ದ. ನಾವು ಗಡಿಯಾರವನ್ನೂ ಪಂಚಾಂಗವನ್ನೂ ನೋಡಿ ದಿನವನ್ನರಿಯುತ್ತೇವೆ. ಆ ಹುಡುಗನಿಗೆ ಬಸ್ಸೇ ಪಂಚಾಂಗ. "ಮಂದಿಗೆ ಬರೀ ಬಸ್ಸು ನಿಂತಿತು ಮೇಷ್ಟ್ರೇ, ನಮ್ಮ ಹುಡುಗಗೆ ವಾರಾನೇ ನಿಂತು ಹೋತು ನೋಡ್ರಿ" ಎಂದರು ಆ ತಾಯಿ.

ಮಾರ್ಚ್ 22ರ ಸಂಜೆ ಐದಕ್ಕೆ ನಾವೆಲ್ಲ ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಸಲ್ಲಿಸಲು ತಟ್ಟೆ, ಜಾಗಟೆಗಳನ್ನು ಬಾರಿಸಿದೆವಲ್ಲ, ಆಗ ಆತ ಕಿವಿ ಮುಚ್ಚಿಕೊಂಡು ಭತ್ತದ ಚೀಲಗಳ ಸಂದಿಗೆ ಸರಿದವನು ಉಣ್ಣಲಿಕ್ಕೂ ಹೊರಬರಲಿಲ್ಲವಂತೆ. ನಮಗೆ ಸದ್ದೆನಿಸುವುದು ಇಂಥವರಲ್ಲಿ ಅನೇಕರಿಗೆ ಪೆಟ್ಟಿನಂತೆ ತಾಗುತ್ತದೆ. ನಾನೂ ಆ ಸಂಜೆ ತಟ್ಟೆ ಬಾರಿಸಿದವನೇ.

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಆ ವರ್ಷ ಶ್ರೀರಾಮನವಮಿಯೂ ಅಂದೇ ಬಂದಿತ್ತು. ಅಂದು ಫ್ರಾನ್ಸಿನ ಅಧ್ಯಕ್ಷರು ಆಟಿಸಂ ಉಳ್ಳವರು ಹೊರಗೆ ಅಡ್ಡಾಡುವುದಕ್ಕಿದ್ದ ಕಟ್ಟುಪಾಡುಗಳನ್ನು ಸಡಿಲಿಸುವುದಾಗಿ ಸಾರಿದರು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನವರೂ ಅಂಥದೇ ಸಡಿಲಿಕೆ ಮಾಡಿದರು. ನಮ್ಮಲ್ಲಿಯೂ ಕಣ್ಣುಮುಚ್ಚಿ ಕುಳಿತಿರಲಿಲ್ಲ. 1995ರ ಕಾಯಿದೆಯ ಪಟ್ಟಿಯಲ್ಲಿ ಇಲ್ಲದ ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸೇರಿದೆ. ಆ ಮಾರ್ಚ್ ಕೊನೆಯಲ್ಲೇ ಕೇಂದ್ರದ ಇಲಾಖೆಯು ಅಂಗವಿಕಲರನ್ನು ನೋಡಿಕೊಳ್ಳುವವರ ಓಡಾಟಕ್ಕೆ ಪಾಸು ನೀಡಬೇಕೆಂದು ಮಾರ್ಗಸೂಚಿ ಹೊರಡಿಸಿತು. ಆದರೆ ಪಾಸಿದ್ದು ಫಲವೇನು? ಹೋಗಲು ಬಸ್ಸಿಲ್ಲ, ಹೋದಲ್ಲಿ ಬಾಗಿಲು ತೆರೆದಿಲ್ಲ. ದೊಡ್ಡ ಪಟ್ಟಣದವರಿಗೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಾದರೂ ವಿಚಾರಿಸಬಹುದೆಂಬ ಆಸೆ ಇರುತ್ತದೆ. ಈ ಮನೆಯ ಪಾಲಿಗಿದ್ದದ್ದು ಒಂದು ಬಸ್ಸು, ಒಂದು ಕೋಣೆ, ಒಬ್ಬ ಶಿಕ್ಷಕಿ.

ಆ ಶಿಕ್ಷಕಿ ಮೊಬೈಲಿನಲ್ಲಿ ಪಾಠ ಹೇಳಲು ಪ್ರಯತ್ನಿಸಿದರು. ಹುಡುಗ ಅವರ ಮುಖವನ್ನು ನೋಡದೆ ಪರದೆಯ ಮೂಲೆಯಲ್ಲಿದ್ದ ಬ್ಯಾಟರಿಯ ಗುರುತನ್ನೇ ನೋಡುತ್ತಿದ್ದ. ತಂದೆ ಫೋನು ತೆಗೆದುಕೊಂಡು ಹೊಲಕ್ಕೆ ಹೋದ ದಿನ ಅದೂ ಇಲ್ಲ. ಮೇ ತಿಂಗಳ ಹೊತ್ತಿಗೆ "ಗುಡ್ಡ ಬಂತು" ಎಂಬ ಮಾತು ಅಡಗಿಹೋಗಿತ್ತು. ಬಸ್ಸಿನ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಲ್ಲುವುದು, ಬಾರದಿದ್ದಾಗ ಗೋಡೆಗೆ ತಲೆ ಚಚ್ಚಿಕೊಳ್ಳುವುದು. ಆ ತಾಯಿ ತಿಂಗಳ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ರೊಟ್ಟಿ, ಬಕೆಟ್ಟು, ದನ, ಹಾಸಿಗೆ ಹೀಗೆ ಚಿತ್ರಗಳನ್ನು ಬರೆದು ಗೋಡೆಗಂಟಿಸಿ, ಹೊಸದೊಂದು ದಿನಚರಿಯನ್ನು ಕಟ್ಟಿದರು. ತಲೆ ಚಚ್ಚಿಕೊಳ್ಳುವುದು ಕಡಿಮೆಯಾಯಿತು. ಎಲ್ಲ ಮಕ್ಕಳ ಕಥೆಯೂ ಹೀಗೆಯೇ ಎನ್ನಲಾರೆ. ಶಾಲೆಯ ಗದ್ದಲ ತಪ್ಪಿತೆಂದು ನೆಮ್ಮದಿ ಕಂಡವರೂ ಉಂಟು. ಅಂಥವರಿಗೆ ಸಂಕಟ ಮೊದಲಾದದ್ದು ಶಾಲೆ ಮರಳಿ ತೆರೆದಾಗ.

ಮೇ 19ರಿಂದ ಬಸ್ಸುಗಳು ಮೂವತ್ತೇ ಪ್ರಯಾಣಿಕರೊಂದಿಗೆ ಮತ್ತೆ ಹೊರಟವು. ಜೂನಿನಲ್ಲಿ ತರಬೇತಿಯ ಕೋಣೆ ತೆರೆಯಿತೆಂದು ತಿಳಿದು ತಾಯಿ-ಮಗ ಬಸ್ಸು ಹತ್ತಿದರೆ, ಆ ಕಿಟಕಿಯ ಬದಿಯ ಆಸನದ ಮೇಲೆ ಯಾರೂ ಕೂಡಬಾರದೆಂದು ಕೆಂಪು ಬಣ್ಣದ ಗುಣಾಕಾರದ ಗುರುತು! ಹುಡುಗ ನೆಲಕ್ಕೆ ಬಿದ್ದು ಹೊರಳಾಡಿದ. ನಿರ್ವಾಹಕ ಪರಿಚಿತನೇ. "ಆ ಕಡಿ ಕುಂದ್ರಿಸವ್ವಾ, ನಾನೇನ್ ಮಾಡ್ಲಿ" ಎಂದ. ಇಬ್ಬರೂ ಇಳಿದರು.

ಮರುದಿನದಿಂದ ತಾಯಿ ಅವನನ್ನು ನಿತ್ಯವೂ ಬಸ್ ನಿಲ್ದಾಣಕ್ಕೆ ಕರೆತಂದು, ಹತ್ತದೆ, ಆ ಕೆಂಪು ಗುರುತನ್ನು ಕಿಟಕಿಯ ಹೊರಗಿನಿಂದಲೇ ತೋರಿಸಿ ಮನೆಗೆ ಮರಳುತ್ತಿದ್ದರು. ಹತ್ತನೆಯ ದಿನ ಆತ ತಾನಾಗಿಯೇ ಹತ್ತಿ ಎದುರು ಸಾಲಿನಲ್ಲಿ ಕುಳಿತ. ದಾರಿಯುದ್ದಕ್ಕೂ ಉಸಿರಿಲ್ಲ. ಗುಡ್ಡ ಕಾಣಿಸಿತು, ಆಗಲೂ ಮಾತಾಡಲಿಲ್ಲ. ಮುಖಗವಸನ್ನು ಗಲ್ಲಕ್ಕೆ ಸರಿಸಿ, ಅವನಿಗೆ ತುಟಿ ಕಾಣುವಂತೆ, ತಾಯಿಯೇ "ಗುಡ್ಡ ಬಂತು" ಎಂದರಂತೆ.