ಫೋನಿನ ಗೋಡೆಯ ಮೇಲೆ ಯಾರ ಚಿತ್ರ?

ಹೋದ ವರ್ಷ ನನ್ನ ಮಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟ ದಿನ, ತಿಂಡಿಯ ತಟ್ಟೆಯ ಮುಂದೆ ಕುಳಿತು ತನ್ನ ಫೋನಿನ ಮೇಲಿದ್ದ ಚಿತ್ರವನ್ನು ಬದಲಿಸಿದಳು. ಅಲ್ಲಿಯವರೆಗೆ ಅಲ್ಲಿ ನೀಲಿ ಕೋಟಿನ ಬಾಬಾಸಾಹೇಬರಿದ್ದರು. ಅವರ ಜಾಗಕ್ಕೆ ನಮ್ಮ ಜಗನ್ಮೋಹನ ಅರಮನೆಯ ‘ದೀಪದ ಮಹಿಳೆ’ ಬಂದು ನಿಂತಳು. “ಯಾಕೇ?” ಎಂದೆ. “ಓನರ್‌ಗೆ ಐಡಿ ಕಾರ್ಡು, ಆಧಾರು ಎಲ್ಲಾ ಫೋನಲ್ಲೇ ತೋರಿಸ್ಬೇಕಲ್ಲಮ್ಮ. ಸುಮ್ನೆ ತೊಂದ್ರೆ ಯಾಕೆ?” ಎಂದಳು. ತಲೆ ಎತ್ತಲಿಲ್ಲ. ನಾನೂ ಮುಂದೆ ಮಾತಾಡಲಿಲ್ಲ. ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದೆ.

ಅಂದು ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಆಡಬೇಕೆಂದಿದ್ದೇನೆ. ಮಗಳ ಹತ್ತಿರವಲ್ಲ, ಓದುತ್ತಿರುವ ನಿಮ್ಮ ಹತ್ತಿರ.

ಫೋನಿಗೆ ಚಿತ್ರ ಹಾಕುವುದು, ಥೀಮ್ ಬದಲಿಸುವುದು, ಆ ಪುಟ್ಟ ಚೌಕಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುವುದು, ಇದೆಲ್ಲ ಕೆಲಸವಿಲ್ಲದ ಹುಡುಗಿಯರ ಆಟ ಎಂದು ಹೇಳುವವರಿದ್ದಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಒಂಬತ್ತನೇ ತರಗತಿಯ ಮಕ್ಕಳನ್ನು ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಬರೀ ಆಟವಾಗಿದ್ದರೆ ಕೆಲಸಕ್ಕೆ ಸೇರಿ ಸಂಬಳ ತರುವ ಹುಡುಗಿ ಮನೆ ಕೇಳಲು ಹೋಗುವ ಮೊದಲು ಅದನ್ನು ಅಳಿಸುವುದೇಕೆ? ಆಟದ ಸಾಮಾನನ್ನು ಯಾರೂ ಹೆದರಿ ಬಚ್ಚಿಡುವುದಿಲ್ಲ.

ಗೋಡೆಯ ಮಾತಿನಿಂದ ಶುರು ಮಾಡುತ್ತೇನೆ. ಅಶೋಕಪುರಂನಲ್ಲಿ ನಾನು ಹುಟ್ಟಿ ಬೆಳೆದ ಮನೆಯಲ್ಲಿ ನೆಟ್ಟಗಿದ್ದದ್ದು ಒಂದೇ ಗೋಡೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದವರು. ಮೊದಲ ಬೋನಸ್ಸು ಬಂದಾಗ ಅಂಬೇಡ್ಕರರ ಪಟಕ್ಕೆ ಕಟ್ಟು ಹಾಕಿಸಿ ತಂದು ಆ ಗೋಡೆಯ ನಡುವೆ ಮೊಳೆ ಹೊಡೆದರಂತೆ. ಅಲ್ಲಿ ಮೊದಲೇ ಅವ್ವನ ಮಾದಪ್ಪ ಹುಲಿಯ ಮೇಲೆ ಕುಳಿತಿದ್ದ, ಪಕ್ಕದಲ್ಲಿ ನಂಜುಂಡೇಶ್ವರನ ಕ್ಯಾಲೆಂಡರೂ ಇತ್ತು. ಯಾರು ನಡುವೆ, ಯಾರು ಪಕ್ಕಕ್ಕೆ ಎಂದು ಗಂಡ ಹೆಂಡಿರಿಗೆ ಎರಡು ದಿನ ಮಾತು ನಿಂತಿತ್ತು. ಕೊನೆಗೆ ಅವ್ವನೇ ಮಾದಪ್ಪನನ್ನು ಒಂದು ಗೇಣು ಸರಿಸಿದಳು. ಸಂಜೆ ದೀಪ ಹಚ್ಚಿದಾಗ ಇಬ್ಬರಿಗೂ ಬೆಳಗುತ್ತಿದ್ದಳು. ಇಲ್ಲದವರ ಮನೆಯಲ್ಲಿ ಗೋಡೆಯ ಪಟ ಎಂದರೆ ಅಷ್ಟು ದೊಡ್ಡ ವಿಷಯ. ನಾವು ಯಾರು, ಯಾರನ್ನು ನಂಬಿದವರು ಎಂದು ಬಂದವರಿಗೆ ಹೇಳುತ್ತಿದ್ದದ್ದು ಆ ಗೋಡೆಯೇ.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರು ಅಗ್ಗದ ಕಾಗದದಲ್ಲಿ ಊರೂರಿಗೆ ಬಂದರು. ಗುಡಿಯ ಬಾಗಿಲಲ್ಲಿ ತಡೆಯುತ್ತಿದ್ದ ಕೈ ಕಾಗದದ ದೇವರನ್ನು ತಡೆಯಲಾಗಲಿಲ್ಲ. ಬಡವರಿಗೆ ಚಿತ್ರ ಸಿಕ್ಕಿದ್ದು ಹಾಗೆ. ಈಗ ನಮ್ಮ ಮಕ್ಕಳು ಊರು ಬಿಟ್ಟು ಊರಿನಲ್ಲಿ ಪೀಜಿಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಅಲ್ಲಿ ಮೊಳೆ ಹೊಡೆಯಬಾರದೆಂದು ಕರಾರಿನಲ್ಲೇ ಬರೆದಿರುತ್ತದೆ. ಅವರಿಗೆ ಉಳಿದಿರುವ ಸ್ವಂತ ಗೋಡೆ ಅಂಗೈಯಗಲದ ಆ ಗಾಜು ಮಾತ್ರ.

ಆ ಗಾಜಿನ ಮೇಲೆ ಈಗ ಯಾರ ಚಿತ್ರ ಇದೆ ಎಂದು ನಿಮ್ಮ ಫೋನನ್ನೇ ಒಮ್ಮೆ ನೋಡಿಕೊಳ್ಳಿ. ಬಹುಪಾಲು ಹೆಂಗಸರ ಫೋನಿನಲ್ಲಿ ಅಂಗಡಿಯಿಂದ ಬಂದ ದಿನ ಏನಿತ್ತೋ ಅದೇ ಇರುತ್ತದೆ. ಇಲ್ಲವಾದರೆ ಮಗನೋ ಅಳಿಯನೋ ಹಾಕಿಕೊಟ್ಟದ್ದು. ನಮ್ಮ ಶಾಲೆಗೆ ಮೊದಲ ಸಲ ಕಂಪ್ಯೂಟರ್ ಬಂದಾಗ ಅದರ ಪರದೆಯ ತುಂಬ ಹಸಿರು ಗುಡ್ಡ, ನೀಲಿ ಆಕಾಶ ಇರುತ್ತಿತ್ತು. ಅದು 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಫೋಟೋ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮ್ಮ ಕಣ್ಣೆದುರಿಗೇ ಚಾಮುಂಡಿ ಬೆಟ್ಟ ಇದ್ದರೂ ಮಕ್ಕಳು ದಿನವೂ ಎಲ್ಲಿಯದೋ ಗುಡ್ಡ ನೋಡಿದವು. ಅದನ್ನು ಬದಲಿಸಬಹುದು ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ.

ಈಗಂತೂ ಕೆಲವು ಫೋನುಗಳಲ್ಲಿ ಬೀಗ ತೆಗೆಯುವ ಮೊದಲೇ ದಿನಕ್ಕೊಂದು ಚಿತ್ರ ತಾನಾಗಿ ಬರುತ್ತದೆ. ಚೆಂದದ ಚಿತ್ರವಲ್ಲವೇ ಎಂದು ಮುಟ್ಟಿದರೆ ಅದರ ಹಿಂದೆ ಸೀರೆಯ ಜಾಹೀರಾತೋ ಆಟದ ಜಾಹೀರಾತೋ ಇರುತ್ತದೆ. ನಿಮ್ಮ ಮನೆಯ ಹೊರಗೋಡೆಗೆ ನಿಮ್ಮನ್ನು ಕೇಳದೆ ಯಾರಾದರೂ ಸಿನಿಮಾ ಪೋಸ್ಟರ್ ಅಂಟಿಸಿದರೆ ಸುಮ್ಮನಿರುತ್ತೀರಾ? ಬಿಟ್ಟಿ ಥೀಮ್ ಕೊಡುತ್ತೇವೆ ಎನ್ನುವ ಎಷ್ಟೋ ಆಪುಗಳು ನಿಮ್ಮ ಫೋನಿನಲ್ಲಿರುವ ಹೆಸರು ನಂಬರುಗಳನ್ನು ನೋಡಲು, ನೀವು ಎಲ್ಲಿದ್ದೀರೆಂದು ತಿಳಿಯಲು ಅಪ್ಪಣೆ ಕೇಳುತ್ತವೆ. ಒಂದು ಗುಲಾಬಿ ಹೂವಿನ ಚಿತ್ರ ಹಾಕಲು ನನ್ನ ತಂಗಿಯ ಫೋನ್ ನಂಬರು ಅವರಿಗೆ ಏಕೆ ಬೇಕು? ಅಂಥ ಕಡೆ ‘ಬೇಡ’ ಎಂಬುದನ್ನೇ ಒತ್ತಿ. ಖಾಲಿ ಜಾಗದ ಮೇಲೆ ಬೆರಳನ್ನು ಒಂದು ಗಳಿಗೆ ಒತ್ತಿ ಹಿಡಿದರೆ ವಾಲ್‌ಪೇಪರ್ ಬದಲಿಸುವ ದಾರಿ ಹೆಚ್ಚಿನ ಫೋನುಗಳಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ನೀವೇ ತೆಗೆದ ಫೋಟೋ ಹಾಕಲು ಯಾರ ಹಂಗೂ ಬೇಕಾಗಿಲ್ಲ. ಇಷ್ಟನ್ನು ಮಗನ ಹತ್ತಿರ ಮಾಡಿಸಿಕೊಳ್ಳಬೇಡಿ, ನೀವೇ ಕಲಿಯಿರಿ.

ಇನ್ನು ನನ್ನ ತಪ್ಪಿನ ವಿಷಯ ಹೇಳುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಡಬ್ಬಿಗಳ ಪಕ್ಕದಲ್ಲಿ ಎಲ್ಲರ ಫೋನುಗಳೂ ಇರುತ್ತವೆ. ಒಂದರಲ್ಲಿ ಮಂತ್ರಾಲಯದ ರಾಯರು, ಇನ್ನೊಂದರಲ್ಲಿ ಚಾಮುಂಡೇಶ್ವರಿ, ಮತ್ತೊಂದರಲ್ಲಿ ಶಿರಡಿಯ ಬಾಬಾ, ಮೊಮ್ಮಗನ ಬೊಚ್ಚುಬಾಯಿ. ನೋಡಲು ಸಂತೋಷವೇ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಆ ಸಾಲಿನಲ್ಲಿ ನನ್ನ ಫೋನಿನ ಅಂಬೇಡ್ಕರರು ಬೆಳಗಿದ ಮೊದಲ ದಿನವೇ ಒಬ್ಬರು ನಗುತ್ತಾ, “ಏನ್ ಮೇಡಂ, ಫೋನಲ್ಲೂ ರಾಜಕೀಯಾನಾ?” ಎಂದರು. ಮಾತು ಅಷ್ಟೇ. ಅದರಲ್ಲಿ ಬೈಗುಳವಿಲ್ಲ, ದೂರು ಕೊಡುವಂಥದ್ದೂ ಇಲ್ಲ. ಮರುದಿನದಿಂದ ನಾನು ಫೋನನ್ನು ಕವುಚಿ ಇಡತೊಡಗಿದೆ. ನಾಲ್ಕು ವರ್ಷ ಕವುಚಿಯೇ ಇಟ್ಟೆ. ಮನೆಯಲ್ಲೂ ಅದೇ ರೂಢಿಯಾಯಿತು. ಮಗಳು ಅದನ್ನು ನೋಡುತ್ತಾ ಬೆಳೆದಳು. ಬೆಂಗಳೂರಿಗೆ ಹೊರಟ ದಿನ ಅವಳು ಮಾಡಿದ್ದು ನಾನು ಕಲಿಸಿದ ಪಾಠವನ್ನೇ.

ಈಗ ಆ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತೇನೆ. ರಾಯರ ಚಿತ್ರ ಭಕ್ತಿಯಾದರೆ ಬಾಬಾಸಾಹೇಬರ ಚಿತ್ರ ರಾಜಕೀಯ ಹೇಗಾಯಿತು? ನಿಮ್ಮ ಫೋನಿನ ದೇವರನ್ನು ನೋಡಿದಾಗಲೂ ನಿಮ್ಮ ಮನೆತನ ಯಾವುದು, ಮಠ ಯಾವುದು ಎಂದು ಅರ್ಧ ತಿಳಿಯುತ್ತದೆ. ಅದನ್ನು ಯಾರೂ ಜಾತಿಯ ಗುರುತು ಎನ್ನುವುದಿಲ್ಲ. ನಮ್ಮದು ಮಾತ್ರ ಗುರುತು, ನಿಮ್ಮದು ಸಂಪ್ರದಾಯ. ಈ ಲೆಕ್ಕ ಬರೆದವರು ಯಾರು?

ಇದು ಕೊಂಕು ಮಾತಿಗೆ ಮುಗಿಯುವಂಥದ್ದೂ ಅಲ್ಲ. 2015ರ ಮೇ ತಿಂಗಳಲ್ಲಿ ಶಿರಡಿಯಲ್ಲಿ ನರ್ಸಿಂಗ್ ಓದುತ್ತಿದ್ದ ದಲಿತ ಹುಡುಗನೊಬ್ಬನ ಕೊಲೆಯಾಯಿತು. ಅವನ ಫೋನಿನ ರಿಂಗ್‌ಟೋನು ಅಂಬೇಡ್ಕರರ ಹಾಡಾಗಿದ್ದದ್ದೇ ಜಗಳಕ್ಕೆ ಕಾರಣ ಎಂದು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ತಾಯಂದಿರು ಮಕ್ಕಳಿಗೆ “ಎದೆ ಸೆಟೆಸಿ ಹಾಕ್ಕೊ” ಎಂದು ಹೇಗೆ ಹೇಳಿಯಾರು? ಆದ್ದರಿಂದ ಹೆದರಿ ಚಿತ್ರ ಬದಲಿಸಿದ ಯಾವ ಹುಡುಗಿಯನ್ನೂ ನಾನು ಹೇಡಿ ಎನ್ನಲಾರೆ. ಸಭೆಯ ವೇದಿಕೆ ಮೇಲೆ ನಿಂತು ಹಾಗೆನ್ನುವ ನಮ್ಮವರೂ ಇದ್ದಾರೆ. ಒಂದು ಸಲ ಅವರೂ ಒಂಟಿ ಹುಡುಗಿಯಾಗಿ ಮನೆ ಕೇಳಿಕೊಂಡು ಬರಲಿ, ಆಮೇಲೆ ಮಾತಾಡೋಣ.

ಪಟ್ಟಣದ ಅಕ್ಕತಂಗಿಯರೇ, ನನ್ನ ಜಗಳ ಇರುವುದು ನಿಮ್ಮ ಜೊತೆ. ಮೇಲಿನ ಮಹಡಿ ಬಾಡಿಗೆಗೆ ಕೊಡುವಾಗ ಯಜಮಾನರು ಅಡ್ವಾನ್ಸು ಎಷ್ಟೆಂದು ಮಾತಾಡುತ್ತಾರೆ. ಬಂದ ಹುಡುಗಿಗೆ ನೀರು ಕೊಟ್ಟು, ಅಡಿಗೆ ಏನು ಮಾಡ್ತೀಯ, ಮಾಂಸ ತಿಂತೀಯ, ನಿಮ್ಮೋರು ಯಾವ ಕಡೆ ಎಂದು ಕೇಳುವವರು ನೀವು. ಹೆಚ್ಚಿನ ಮನೆಗಳಲ್ಲಿ ಕೊನೆಗೆ ಹೌದು, ಇಲ್ಲ ಎನ್ನುವವರೂ ನೀವೇ. ಆ ಹುಡುಗಿಯ ಫೋನಿನಲ್ಲಿ ಕಂಡ ನೀಲಿ ಕೋಟಿನವರು ನಿಮಗೆ ಯಾರು ಎಂದು ಎಂದಾದರೂ ಯೋಚಿಸಿದ್ದೀರಾ?

ನಾನು ಸಮಾಜ ವಿಜ್ಞಾನ ಕಲಿಸುವವಳು, ಇದನ್ನು ಪಾಠದ ಹಾಗೆ ಹೇಳಿದರೆ ಬೇಸರಿಸಬೇಡಿ. ಹಿಂದೂ ಹೆಂಗಸಿಗೆ ಆಸ್ತಿಯಲ್ಲಿ ಪಾಲು, ಗಂಡನಿಂದ ಬೇರೆಯಾಗುವ ಹಕ್ಕು, ಒಬ್ಬಳಿರುವಾಗ ಮತ್ತೊಬ್ಬಳನ್ನು ಕಟ್ಟಿಕೊಳ್ಳುವುದಕ್ಕೆ ತಡೆ, ಇವನ್ನೆಲ್ಲ ಸೇರಿಸಿದ ಹಿಂದೂ ಕೋಡ್ ಬಿಲ್ಲನ್ನು ಪಾರ್ಲಿಮೆಂಟಿನಲ್ಲಿ ಮುಂದಕ್ಕೆ ಒಯ್ಯಲು ಹೆಣಗಿದವರು ಅಂದಿನ ಕಾನೂನು ಮಂತ್ರಿ ಅಂಬೇಡ್ಕರ್. ಅದನ್ನು ಅಂಗೀಕಾರವಾಗದಂತೆ ನಡುವೆ ಕೈಬಿಟ್ಟಾಗ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿ ಪದವಿ ಬಿಟ್ಟರು. ಕೊಟ್ಟ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಆಮೇಲೆ ಅದೇ ವಿಷಯ ಬಿಡಿಬಿಡಿ ಕಾಯಿದೆಗಳಾಗಿ 1955 ಮತ್ತು 1956ರಲ್ಲಿ ಬಂತು. 2005ರ ತಿದ್ದುಪಡಿಯಿಂದ ದೇಶದಾದ್ಯಂತ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕಾಯಿತು. ನಿಮ್ಮಲ್ಲಿ ಎಷ್ಟು ಜನ ತವರಿನ ಪಾಲು ಪಡೆದಿದ್ದೀರಿ, ಆ ದುಡ್ಡಿನಲ್ಲಿ ಮೇಲಿನ ಮಹಡಿ ಕಟ್ಟಿಸಿದ್ದೀರಿ? ಆ ಮಹಡಿಯ ಬಾಗಿಲಲ್ಲಿ ಅವರ ಚಿತ್ರ ಕಂಡು ‘ಮನೆ ಆಗಲೇ ಹೋಯ್ತಮ್ಮ’ ಎಂದು ಸುಳ್ಳು ಹೇಳುವುದು ಯಾವ ನ್ಯಾಯ?

ನಮ್ಮ ಮನೆಗಳಲ್ಲೂ ಗುಡಿಸಬೇಕಾದ ಕಸವಿದೆ. ನಮ್ಮ ಬೀದಿಯ ಹೆಂಗಸೊಬ್ಬಳು ತನ್ನದೇ ಒಂದು ಒಳ್ಳೆಯ ಫೋಟೋವನ್ನು ಫೋನಿನ ಮೇಲೆ ಹಾಕಿಕೊಂಡಿದ್ದಳು. “ಯಾರ್ ನೋಡ್ಲಿ ಅಂತ ಹಾಕೀಯ?” ಎಂದು ಗಂಡ ಅದನ್ನು ತೆಗೆಸಿ ತನ್ನ ಫೋಟೋ ಹಾಕಿಸಿದ. ಅವನ ಫೋನಿನಲ್ಲಿ ಬಾಬಾಸಾಹೇಬರಿದ್ದಾರೆ, ಏಪ್ರಿಲ್ 14ರ ಮೆರವಣಿಗೆಯಲ್ಲಿ ನೀಲಿ ಬಾವುಟ ಹಿಡಿದು ಅವನೇ ಮುಂದೆ. ಹೆಂಡತಿಯ ಅಂಗೈಯಗಲ ಜಾಗವನ್ನೂ ಬಿಡದವನು ಯಾವ ಬಾವುಟ ಹಿಡಿದರೇನು? 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು ಸೆಗಣಿ ಎರಚಿಸಿಕೊಂಡ ಸಾವಿತ್ರಿಬಾಯಿ ಫುಲೆ, 1935ರಲ್ಲಿ ತೀರಿಕೊಳ್ಳುವವರೆಗೆ ಬಡತನದ ಸಂಸಾರ ತೂಗಿಸಿದ ರಮಾಬಾಯಿ, ಇವರು ನಮ್ಮ ಎಷ್ಟು ಫೋನುಗಳಲ್ಲಿದ್ದಾರೆ? ನಾನು ಎಣಿಸಿ ನೋಡಿದೆ. ಪರಿಚಯದವರಲ್ಲಿ ಮೂವರು ಸಿಕ್ಕರು, ಮೂವರೂ ಕಾಲೇಜು ಹುಡುಗಿಯರು.

ಮಗಳು ಹಾಕಿಕೊಂಡ ದೀಪದ ಮಹಿಳೆಯ ಮೇಲೆ ನನಗೇನೂ ಕೋಪವಿಲ್ಲ. ಅದು ರವಿವರ್ಮನದೆಂದು ಎಷ್ಟೋ ಜನ ತಿಳಿದಿದ್ದಾರೆ. ಬರೆದವರು ಎಸ್. ಎಲ್. ಹಲ್ದಂಕರ್, ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು ಗೀತಾ. ಇಷ್ಟಪಟ್ಟು ಹಾಕಿಕೊಂಡಿದ್ದರೆ ಅದಕ್ಕಿಂತ ಚೆಲುವಾದ ಚಿತ್ರ ಮೈಸೂರಿನಲ್ಲಿ ಬೇರೆ ಯಾವುದಿದೆ? ಹೆದರಿ ಹಾಕಿಕೊಂಡಳಲ್ಲ ಎಂಬುದೇ ನನ್ನ ನೋವು.

ಆ ಮನೆ ಅವಳಿಗೆ ಸಿಕ್ಕಲಿಲ್ಲ. ಓನರಮ್ಮ ನಮ್ಮ ಮೈಸೂರಿನ ಕಡೆಯವರೇ. ಚಿತ್ರ ನೋಡಿ ಮೆಚ್ಚಿದರಂತೆ. ಆಧಾರಿನ ವಿಳಾಸದಲ್ಲಿ ‘ಅಶೋಕಪುರಂ’ ಎಂದು ಓದಿದ ಮೇಲೆ, ಊರಿಂದ ಅಕ್ಕನ ಮಗ ಬರುವವನಿದ್ದಾನೆ ಎಂದರಂತೆ. ಮೂರನೆಯ ಮನೆಯಲ್ಲಿ ಏನೂ ಕೇಳಲಿಲ್ಲ, ಅಲ್ಲಿದ್ದಾಳೆ.

ನಾನು ಈಗ ಸ್ಟಾಫ್ ರೂಮಿನಲ್ಲಿ ಫೋನನ್ನು ಮುಖ ಮೇಲೆ ಮಾಡಿಯೇ ಇಡುತ್ತೇನೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚೆಗೆ ಎಷ್ಟೋ ಫೋನುಗಳು ಹಾಕಿದ ಚಿತ್ರದಿಂದಲೇ ಬಣ್ಣ ಹೆಕ್ಕಿಕೊಳ್ಳುತ್ತವೆ. ನನ್ನದೂ ಅಂಥದ್ದು. ಗಡಿಯಾರ, ಗುಂಡಿಗಳು, ಅಕ್ಷರದ ಹಿನ್ನೆಲೆ ಎಲ್ಲ ನೀಲಿಯಾಗಿದೆ. ರಾಯರು, ಚಾಮುಂಡಿ, ಮೊಮ್ಮಗನ ಪಕ್ಕದಲ್ಲಿ ಅದೂ ಬೆಳಗುತ್ತದೆ. ಇಲ್ಲಿಯವರೆಗೆ ಯಾರೂ ಏನೂ ಅಂದಿಲ್ಲ. ಅಂದರೆ ಉತ್ತರ ಸಿದ್ಧವಿದೆ.

ಈ ಏಪ್ರಿಲ್ 14ಕ್ಕೆ ಮಗಳು ಊರಿಗೆ ಬಂದಿದ್ದಳು. ಮೆರವಣಿಗೆಯ ಫೋಟೋ ನೂರಾರು ತೆಗೆದಳು. ರಾತ್ರಿ ಅವಳ ಫೋನ್ ನೋಡಿದೆ, ದೀಪದ ಮಹಿಳೆಯೇ ಇದ್ದಳು. “ಈಗ ಬದಲಾಯಿಸಬಹುದಲ್ಲೇ?” ಎಂದೆ. “ಇರ್ಲಿ ಬಿಡಮ್ಮ, ಹನ್ನೊಂದು ತಿಂಗಳ ಕರಾರು, ಇನ್ನೂ ಮುಗಿದಿಲ್ಲ. ಅವರೇನೋ ಕೇಳ್ಲಿಲ್ಲ, ಆದ್ರೆ ನಾನೂ ಹೇಳಿಲ್ಲ” ಎಂದಳು.

ನಿಮ್ಮ ಮೇಲಿನ ಮಹಡಿಯಲ್ಲೂ ಅಂಥ ಹುಡುಗಿಯೊಬ್ಬಳು ಇದ್ದಾಳು. ಈ ಪುಟ ಮಡಿಸಿಟ್ಟ ಮೇಲೆ ಒಮ್ಮೆ ಮೇಲೆ ಹೋಗಿ ಬನ್ನಿ. ಗೋಡೆಗೆ ಒಂದು ಮೊಳೆ ಹೊಡೆದುಕೋ ಅಂತ ಅವಳಿಗೆ ಹೇಳಿ ಬನ್ನಿ.