ಮುನಿಸಿನ ಕೋಣೆಯ ಚಿತ್ರಗಳು

ಕಳೆದ ಶ್ರಾವಣದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಬಕವಿಯ ನಮ್ಮ ಮನೆಗೆ ಬಂದಳು. ಬಿ.ಎ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯ ಕಡೆಗೇ ನೋಡುತ್ತಿದ್ದವಳು. ಈಗ ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳ ಮದುವೆಗಳಲ್ಲಿ ಕ್ಯಾಮರಾ ಹಿಡಿದು ಓಡಾಡುವವಳು. ಚಹಾ ಮುಗಿದ ಮೇಲೆ, “ಸರ್ರ, ಒಂದ ಬೋರ್ಡಿಗೆ ಕನ್ನಡ ಹೆಸರ ಬೇಕಾಗೇತ್ರಿ” ಎಂದಳು. ಕನ್ನಡದ ಮಾಸ್ತರನಿಗೆ ಇದಕ್ಕಿಂತ ಹಿತವಾದ ಮಾತು ಯಾವುದು? ಎಂಥ ಬೋರ್ಡು ಎಂದು ಕೇಳಿದೆ. ಹೆಣ್ಣುಮಕ್ಕಳು ಮುಚ್ಚಿದ ಕೋಣೆಯಲ್ಲಿ, ತಮಗೆ ಒಪ್ಪಿದ ಉಡುಗೆಯಲ್ಲಿ, ಕೆಲವೊಮ್ಮೆ ಬಹು ಕಡಿಮೆ ಉಡುಗೆಯಲ್ಲಿ, ತಮ್ಮ ಸಲುವಾಗಿಯೇ ತೆಗೆಯಿಸಿಕೊಳ್ಳುವ ಚಿತ್ರಗಳಂತೆ. ಅದಕ್ಕೆ ಬೂದ್ವಾರ್ ಫೋಟೊಗ್ರಫಿ ಎನ್ನುತ್ತಾರಂತೆ. ಅದನ್ನೇ ವೃತ್ತಿಯಾಗಿ ಆರಂಭಿಸುವುದು ಅವಳ ಆಸೆ. ನನ್ನ ಕೈಯಲ್ಲಿದ್ದ ಬಸಿ ಸದ್ದು ಮಾಡಿತು. “ವಿಚಾರ ಮಾಡೋಣ” ಎಂದು ಹೇಳಿ ಕಳುಹಿಸಿದೆ. ಹಿರಿಯರ ಈ ಉತ್ತರಕ್ಕೆ ಏನರ್ಥವೆಂಬುದು ಅವಳಿಗೂ ಗೊತ್ತಿತ್ತು.

ರಾತ್ರಿ ನಿಘಂಟು ತೆರೆದೆ. ಈ ಫ್ರೆಂಚ್ ಶಬ್ದದ ಬೇರು ‘ಮುನಿಸಿಕೊಳ್ಳು’ ಎಂಬರ್ಥದ ಕ್ರಿಯಾಪದ. ಅಂದರೆ ಹೆಣ್ಣು ಮುನಿದು ಹೋಗಿ ಕುಳಿತುಕೊಳ್ಳುವ ಕೋಣೆ. ನಮಗೇನೂ ಹೊಸತಲ್ಲ; ಕೈಕೇಯಿ ಹೋಗಿ ಮಲಗಿದ ಕ್ರೋಧಾಗಾರವನ್ನು ನಾವೆಲ್ಲ ಬಲ್ಲೆವು. ಆದರೆ ಅದು ಅರಮನೆಯ ಮಾತು. ನಮ್ಮ ನೇಕಾರರ ಓಣಿಯಲ್ಲಿ ಪಡಸಾಲೆಯನ್ನೆಲ್ಲ ಮಗ್ಗ ಆಕ್ರಮಿಸಿಕೊಂಡಿರುತ್ತದೆ, ಹಿಂದೆ ಅಡುಗೆಮನೆ, ನಡುವೆ ನೂಲಿನ ಗಂಟುಗಳು. ಅಂಥ ಮನೆಯ ಸೊಸೆ ಮುನಿಸಿಕೊಂಡರೆ ಎಲ್ಲಿ ಹೋಗಿ ಕೂಡಬೇಕು? ಆ ಹುಡುಗಿ ಬಾಡಿಗೆಗೆ ಹಿಡಿಯಲು ಹೊರಟಿದ್ದು ಬರಿಯ ಸ್ಟುಡಿಯೋ ಅಲ್ಲ, ಇಲ್ಲದ ಆ ಕೋಣೆ ಎಂದು ನನಗೆ ಆಗ ಹೊಳೆಯಿತು.

ನನ್ನ ತಾಯಿಯ ಚಿತ್ರಗಳನ್ನು ಎಣಿಸಿ ನೋಡಿದೆ. ಹೆಣ್ಣು ನೋಡುವವರಿಗೆ ಕಳುಹಿಸಲು ತೆಗೆಯಿಸಿದ್ದು ಒಂದು, ಮದುವೆಯದೊಂದು, ಮತದಾರರ ಚೀಟಿಯದೊಂದು, ಈಗ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡಿರುವುದು ಯಾರದೋ ಸೀಮಂತದ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ವರನ ಕಡೆಯವರಿಗೆ, ಬೀಗರಿಗೆ, ಸರಕಾರಕ್ಕೆ, ಮಕ್ಕಳಿಗೆ ಒಂದೊಂದು ದೊರೆಯಿತು. ಆಕೆಗೆಂದು ಒಂದೂ ಇಲ್ಲ.

ಇದು ಪರದೇಶದ ಚಾಳಿ ಎನ್ನುವವರಿದ್ದಾರೆ. ಪ್ರತಿವರ್ಷ ವಿದ್ಯಾರ್ಥಿಗಳನ್ನು ಬೇಲೂರಿಗೆ ಕರೆದೊಯ್ದು, ಕನ್ನಡಿ ಹಿಡಿದ ದರ್ಪಣಸುಂದರಿಯ ಕೆಳಗೆ ನಿಂತು ಗಂಟಲು ಸರಿಪಡಿಸಿಕೊಳ್ಳದೆ ವ್ಯಾಖ್ಯಾನ ಮಾಡುವ ನಾನು ಆ ಮಾತನ್ನು ಆಡಲಾರೆ. ಹಳೆಯ ಕಾವ್ಯಗಳ ಜಲಕ್ರೀಡೆಯ ವರ್ಣನೆಯನ್ನು ಪರೀಕ್ಷೆಗೆ ಪ್ರಶ್ನೆಯಾಗಿ ಕೊಟ್ಟವನೂ ನಾನೇ. ಆದರೆ ಈ ವಾದವನ್ನು ಬಹಳ ದೂರ ಎಳೆಯುವುದೂ ಸಲ್ಲದು. ಆ ಶಿಲ್ಪಕ್ಕೆ ಮಾದರಿಯಾದವಳು ಯಾರಾದರೂ ಇದ್ದಿದ್ದರೆ, ಒಂಬೈನೂರು ವರುಷ ಊರೆಲ್ಲ ತನ್ನನ್ನು ನೋಡಲೆಂದು ಅವಳು ಒಪ್ಪಿದ್ದಳೇ? ಅವಳನ್ನು ಯಾರೂ ಕೇಳಿರಲಾರರು. ಕೇಳುವುದು, ಕೇಳದಿರುವುದು: ಈ ವೃತ್ತಿಯ ಮಾನ ನಿಂತಿರುವುದು ಇಲ್ಲಿ, ಬಟ್ಟೆಯ ಅಳತೆಯಲ್ಲಲ್ಲ.

ಮರೆಯ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಸ್ಟುಡಿಯೋ ಎಂಬುದೂ ನಿನ್ನೆ ಮೊನ್ನೆಯದಲ್ಲ. 1892ರಲ್ಲಿಯೇ ಲಾಲಾ ದೀನ್ ದಯಾಳರು ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದು, ಅದನ್ನು ನಡೆಸಲು ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯನ್ನು ನೇಮಿಸಿದರು. ಪರದೆಯ ಸ್ತ್ರೀಯರು ನಿರ್ಭಯವಾಗಿ ಬರಬೇಕಾದರೆ ಕ್ಯಾಮರಾದ ಹಿಂದೆಯೂ ಹೆಣ್ಣೇ ಇರಬೇಕೆಂದು ಆ ವ್ಯವಹಾರಜ್ಞ ಅಂದೇ ಅರಿತಿದ್ದ.

ನನ್ನ ಮನೆಯಾಕೆಗೆ ಇದನ್ನೆಲ್ಲ ಹೇಳಿದೆ. ಆಕೆ ಹಿಟ್ಟು ನಾದುತ್ತ, “ಅದೆಲ್ಲ ಖರೆ. ಫೋಟೊ ಹೊರಗ ಬಿತ್ತಂದ್ರ? ನಿಮ್ಮ ಬೇಲೂರು ಬಂದು ಕಾಯ್ತದೇನ್ರಿ?” ಎಂದಳು. ಸಂಸ್ಕೃತಿಯ ಹೆಸರಿನ ಆಕ್ಷೇಪಗಳಿಗಿಂತ ಈ ಒಂದು ಪ್ರಶ್ನೆ ತೂಕದ್ದು. ಬೆಂಗಳೂರಿನಲ್ಲಿ ಮುಖ ಗುರುತು ಹಿಡಿಯದವರೇ ಹೆಚ್ಚು. ಇಲ್ಲಿ ಹೆಗಲು ಕಂಡರೆ ಯಾರ ಮನೆಯವಳೆಂದು ಹೇಳಿಯಾರು.

ಮರುವಾರ ಹುಡುಗಿಯನ್ನು ಕರೆಸಿದೆ. ಅವಳ ಸಿದ್ಧತೆ ನನ್ನ ಊಹೆಗೆ ಮೀರಿತ್ತು. ಉತ್ತರದ ಕಿಟಕಿಯಿರುವ ಕೋಣೆ ನೋಡಿದ್ದಳು. ಆ ದಿಕ್ಕಿನ ಬೆಳಕಿನಲ್ಲಿ ನೇರ ಬಿಸಿಲು ಬಹುಮಟ್ಟಿಗೆ ಬೀಳದು, ನೆರಳು ಮೆತ್ತಗಿರುತ್ತದೆ. ಕಿಟಕಿಗೆ ಕಟ್ಟಲು ತೆಳುವಾದ ಬಿಳಿಯ ಅರಿವೆ ತಂದೆಯ ಮಗ್ಗದಿಂದಲೇ ಬರುವುದಿತ್ತು. ಬಣ್ಣವನ್ನು ಬಿಳುಪಾಗಿಸುವುದಿಲ್ಲ, ನಡುವನ್ನು ಸಣ್ಣದಾಗಿಸುವುದಿಲ್ಲ ಎಂದಳು. ಅದು ನನಗೆ ಮೆಚ್ಚಿಗೆಯಾಯಿತು. ಹಾಗೆ ತಿದ್ದುವುದಾದರೆ ಮತ್ತೆ ವರನ ಕಡೆಯವರಿಗೆ ಕಳುಹಿಸುವ ಫೋಟೊವೇ ಆಗುತ್ತದೆ. ಕೆಲಸದ ಮಾದರಿ ತೋರಿಸದೆ ಗಿರಾಕಿ ಬರುವುದಿಲ್ಲ, ಬಂದವರ ಚಿತ್ರ ತೋರಿಸುವಂತಿಲ್ಲ; ಈ ಗಂಟನ್ನು ಹೇಗೆ ಬಿಡಿಸುವೆ ಎಂದೆ. “ಮೊದಲ ನಂದ ನಾನ ತಗೊಂಡೇನ್ರಿ ಸರ್ರ. ಕ್ಯಾಮರಾದ ಮುಂದ ಕುಂತವರಿಗೆ ಎಂಥಾ ಅಂಜಿಕಿ ಆಗ್ತದ ಅನ್ನೂದು ನನಗೂ ತಿಳೀಬೇಕಲ್ರಿ” ಎಂದಳು.

ಬೋರ್ಡಿಗೆ ನಾನು ಹಳಗನ್ನಡದಿಂದ ಹೆಕ್ಕಿದ್ದ ಹೆಸರು ‘ಸೆಜ್ಜೆವನೆ’. ಅವಳು ನಕ್ಕುಬಿಟ್ಟಳು: “ಮಂದಿ ಸಜ್ಜಿ ರೊಟ್ಟಿ ಖಾನಾವಳಿ ಅಂತ ಒಳಗ ಬರ್ತಾರ್ರಿ!” ಹೆಸರು ಅಲ್ಲಿಗೆ ನಿಂತಿತು. ಬದಲಿಗೆ ಒಪ್ಪಿಗೆ ಪತ್ರವೊಂದನ್ನು ತಿಳಿಗನ್ನಡದಲ್ಲಿ ಬರೆದುಕೊಡಲು ಕೇಳಿದಳು. ನನ್ನ ಮಟ್ಟಿಗೆ ಅದು ನಾಲ್ಕು ಪ್ರಬಂಧಗಳಿಗಿಂತ ಕಷ್ಟದ ಬರವಣಿಗೆಯಾಯಿತು.

ಕಾನೂನು ಅವಳ ಗಿರಾಕಿಯ ಪಕ್ಷದಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ, ಇಂಥ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ, ಹಂಚಿದವರಿಗೆ ಮೊದಲ ಸಲವೇ 1ರಿಂದ 3 ವರ್ಷಗಳ ಸೆರೆವಾಸ. ತೆಗೆಯಲು ಒಪ್ಪಿಗೆ ಬೇರೆ, ತೋರಿಸಲು ಒಪ್ಪಿಗೆ ಬೇರೆ. ಆದ್ದರಿಂದ ಪತ್ರದಲ್ಲಿ ಎರಡಕ್ಕೂ ಬೇರೆ ಬೇರೆ ಸಹಿ ಇಟ್ಟೆ. ಚಿತ್ರಗಳ ಪ್ರತಿ ಎಷ್ಟು ದಿನ ಸ್ಟುಡಿಯೋದಲ್ಲಿರಬೇಕು, ಅಳಿಸಿದ್ದನ್ನು ಯಾರು ಕಣ್ಣಾರೆ ನೋಡಬೇಕು ಎಂಬುದನ್ನೂ ಬರೆದೆ.

ಕೊನೆಯಲ್ಲಿ ಪೆನ್ನು ತಡೆಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮು, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ಫೋಟೊ ತೆಗೆಯಿಸಿದವರೇ ಅದರ ಸ್ವಾಮಿಗಳೆನ್ನುತ್ತದೆ. ಹಣ ಕೊಟ್ಟವನು ಗಂಡನಾಗಿದ್ದರೆ? ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಣ ಯಾರದೇ ಇರಲಿ, ರಸೀದಿ ಚಿತ್ರದಲ್ಲಿರುವವಳ ಹೆಸರಿಗೇ ಆಗತಕ್ಕದ್ದು, ಸ್ವಾಮ್ಯವೂ ಅವಳದೇ, ಅವಳ ಸಹಿಯಿಲ್ಲದೆ ಗಂಡನಿಗೂ ಪ್ರತಿ ಕೊಡತಕ್ಕದ್ದಲ್ಲ ಎಂದು ಬರೆದೆ. “ಗಂಡನಿಗೂ” ಎಂಬುದರ ಕೆಳಗೆ ಅವಳೇ ಒಂದು ಗೆರೆ ಎಳೆದಳು.