ಗದೆಗೆ ಬೇಕಾದಷ್ಟೇ ಅಂಟು

ರಾಜ್ಯೋತ್ಸವ ಹತ್ತಿರವಾದಂತೆ ಹೈದರಾಬಾದಿನ ಕನ್ನಡಿಗರಲ್ಲಿ ನಾಟಕದ ತಯಾರಿ ಶುರುವಾಗುತ್ತದೆ. ಅದರ ಬೆನ್ನಿಗೇ ಶಾಲಾ ವಾರ್ಷಿಕೋತ್ಸವಗಳ ಕಾಲ. ಭೀಮನ ಗದೆ, ಹನುಮಂತನ ಬಾಲ, ರಾವಣನ ಹತ್ತು ತಲೆ, ಎಲ್ಲವೂ ಈಗ ಹೆಚ್ಚಾಗಿ ಸ್ಪಂಜಿನಲ್ಲೇ ತಯಾರಾಗುತ್ತವೆ. ಸ್ಪಂಜು ಹಗುರ, ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ, ಏಟು ತಗುಲಿದರೂ ಮಗುವಿಗೆ ನೋವಾಗದು. ಹೀಗೆ ಪೆಟ್ಟಾಗಬಾರದೆಂದು ಸ್ಪಂಜನ್ನು ಆರಿಸಿಕೊಳ್ಳುವ ನಾವು, ಅದನ್ನು ಕೂಡಿಸುವ ಅಂಟಿನ ವಿಷಯದಲ್ಲಿ ಅಷ್ಟು ಯೋಚಿಸುವುದಿಲ್ಲ. ಅಂಗಡಿಯವರು ಕೊಟ್ಟ ಹಳದಿ ಸೊಲ್ಯೂಷನ್ ಡಬ್ಬಿಯನ್ನೇ ತಂದು ಮಕ್ಕಳ ನಡುವೆ ಇಡುತ್ತೇವೆ. ಶಾಲೆಗಳೂ ಹವ್ಯಾಸಿ ತಂಡಗಳೂ ಈ ರೂಢಿಯನ್ನು ಬಿಡಬೇಕು. ಒಳಾಂಗಣದಲ್ಲಿ, ಮಕ್ಕಳ ಕೈಯಲ್ಲಿ, ನೀರಿನ ಅಂಟು ಮತ್ತು ಸೂಜಿ-ದಾರ ಮಾತ್ರ ಇರಬೇಕು.

ಈ ಹಳದಿ ಅಂಟು ಸಿಂಥೆಟಿಕ್ ರಬ್ಬರನ್ನು ದ್ರಾವಕದಲ್ಲಿ ಕರಗಿಸಿ ಮಾಡಿದ್ದು. ಡಬ್ಬಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ದ್ರಾವಕವೇ. ಟೊಲ್ಯೂಯಿನ್, ಹೆಕ್ಸೇನ್, ಅಸಿಟೋನ್‌ಗಳಂಥವು ತಯಾರಿಕೆಗೆ ತಕ್ಕಂತೆ ಬೆರೆತಿರುತ್ತವೆ. ಎರಡೂ ಮೈಗೆ ತೆಳುವಾಗಿ ಬಳಿದು, ಹತ್ತು-ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಹತ್ತದಂತಾದ ಮೇಲೆ ಒತ್ತಿ ಕೂಡಿಸುವುದು ಇದರ ಕ್ರಮ. ನಾವು ಹಾಗೆ ಕಾಯುವಷ್ಟು ಹೊತ್ತಿನಲ್ಲಿ ದ್ರಾವಕವೆಲ್ಲ ಕೋಣೆಯ ಗಾಳಿಗೆ ಸೇರುತ್ತಿರುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ ಹಿಡಿಸುವುದು ಸುಮಾರು 34 ಘನ ಮೀಟರ್ ಗಾಳಿ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಟೊಲ್ಯೂಯಿನ್‌ಗೆ ಹಾಕಿದ್ದ ಎಂಟು ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 375 ಮಿಲಿಗ್ರಾಂ. ಅಂದರೆ ಇಡೀ ಕೋಣೆಗೆ ಸುಮಾರು 13 ಗ್ರಾಂ. ಕಿಟಕಿ ಮುಚ್ಚಿ 100 ಗ್ರಾಂ ಅಂಟು ಬಳಿದರೆ, ದ್ರಾವಕವೆಲ್ಲ ಟೊಲ್ಯೂಯಿನ್ ಎಂದಿಟ್ಟುಕೊಂಡಾಗ, ಗಾಳಿಗೆ ಸೇರುವುದು 75 ಗ್ರಾಂ. ಮಿತಿಯ ಐದು ಪಟ್ಟಿಗೂ ಹೆಚ್ಚು. ಆ ಮಿತಿಯೂ ದುಡಿಯುವ ವಯಸ್ಕರನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಏಳನೇ ತರಗತಿಯ ಹುಡುಗಿಯನ್ನಲ್ಲ. ಮೇಲಾಗಿ ಈ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂಡಿಕೊಳ್ಳುತ್ತದೆ. ಮಕ್ಕಳು ಚಕ್ಕಳಮಕ್ಕಳ ಹಾಕಿ ಕೆಲಸ ಮಾಡುವುದೂ ನೆಲದ ಮೇಲೆಯೇ. ಸ್ಪಂಜಿನ ಚೂರು ಹಾರುತ್ತದೆಂದು ಫ್ಯಾನನ್ನೂ ಆರಿಸಿರುತ್ತಾರೆ.

ಒಂದು ಸಂಜೆಯ ತಲೆನೋವು, ತಲೆಸುತ್ತು ಎಂದು ಇದನ್ನು ತಳ್ಳಿಹಾಕಬಹುದು. ಆದರೆ ವಾರಗಟ್ಟಲೆ ಇದೇ ಕೆಲಸ ಮಾಡುವವರ ಪಾಡು ಬೇರೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲೇ ಕೂತು ಚಪ್ಪಲಿ ಅಂಟಿಸುತ್ತಿದ್ದವರ ಕೈಕಾಲು ಜೋಮು ಹಿಡಿದು, ಬಲ ಕುಂದಿದ್ದು ಅಂಟಿನಲ್ಲಿದ್ದ ಹೆಕ್ಸೇನ್‌ನಿಂದ. ಅದು ದೇಹದೊಳಗೆ ಮಾರ್ಪಟ್ಟು ನರಗಳನ್ನೇ ಕೆಡಿಸುತ್ತದೆ. ಬಾಡಿಗೆ ವೇಷಭೂಷಣದ ಅಂಗಡಿಗಳ ಹಿಂದಿನ ಕೋಣೆಗಳಲ್ಲಿ ವರ್ಷವಿಡೀ ದುಡಿಯುವವರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಇನ್ನು ಬೆಂಕಿ. ಟೊಲ್ಯೂಯಿನ್ 4 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕಿಡಿ ಸೋಕಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಹೈದರಾಬಾದಿನ ಯಾವ ಋತುವೂ ಅಷ್ಟು ತಂಪಲ್ಲ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ ಉರಿದು ಜನ ಬೆಂದುಹೋದದ್ದನ್ನು ಕನ್ನಡಿಗರು ಮರೆತಿಲ್ಲ. ಹೈದರಾಬಾದಿನ ನಾಂಪಲ್ಲಿ ಬಳಿಯ ಬಜಾರ್‌ಘಾಟ್‌ನಲ್ಲಿ 2023ರ ನವೆಂಬರ್ 13ರಂದು ಕಟ್ಟಡವೊಂದರ ಕೆಳಗೆ ಇಟ್ಟಿದ್ದ ರಾಸಾಯನಿಕದ ಡ್ರಮ್‌ಗಳಿಗೆ ಬೆಂಕಿ ಹತ್ತಿ, ಮೇಲಿನ ಮನೆಗಳಲ್ಲಿದ್ದ ಕನಿಷ್ಠ ಒಂಬತ್ತು ಮಂದಿ ಸತ್ತರು. ಈ ಎರಡೂ ಅನಾಹುತಕ್ಕೆ ಅಂಟು ಕಾರಣವಲ್ಲ. ಆದರೆ ಬೇಗ ಹೊತ್ತುವ ವಸ್ತುವೂ ಜನವೂ ಒಂದೇ ಸೂರಿನಡಿ ಇದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ರಂಗಪೂಜೆಯ ದೀಪ, ಕರ್ಪೂರದ ಆರತಿ, ನೇಪಥ್ಯದ ಇಸ್ತ್ರಿಪೆಟ್ಟಿಗೆ ಎಲ್ಲವೂ ಅಂಟಿನ ಡಬ್ಬಿಯ ಅಕ್ಕಪಕ್ಕದಲ್ಲೇ ಇರುತ್ತವೆ. ಸ್ಪಂಜು ಹೊತ್ತಿದರೆ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ.

ನೀರಿನ ಅಂಟು ಹಿಡಿಯುವುದಿಲ್ಲ, ರಂಗದ ಮೇಲೆ ಗದೆ ಕಳಚಿ ಬಿದ್ದರೆ ಮರ್ಯಾದೆ ಹೋಗುತ್ತದೆ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಉತ್ತರ ಸ್ಪಂಜಿನಲ್ಲೇ ಇದೆ. ಹಳದಿ ಅಂಟಿನಿಂದ ಕೂಡಿಸಿದ ಎರಡು ತುಂಡುಗಳನ್ನು ಎಳೆದು ನೋಡಿ. ಬೆಸುಗೆ ಬಿಡುವ ಮೊದಲೇ ಪಕ್ಕದ ಸ್ಪಂಜು ಹರಿಯುತ್ತದೆ. ಸ್ಪಂಜಿಗಿಂತ ಗಟ್ಟಿಯಾದ ಅಂಟು ಕೊಡುವ ಹೆಚ್ಚಿನ ಬಲ ಯಾವ ಪ್ರಯೋಜನಕ್ಕೂ ಬಾರದು. ಆ ಬಲಕ್ಕಾಗಿ ನಾವು ಉಸಿರಾಡುವ ಗಾಳಿಯನ್ನು ಕೆಡಿಸಿಕೊಳ್ಳುತ್ತೇವೆ. ನೀರಿನಲ್ಲಿ ತಯಾರಾದ ರಬ್ಬರ್ ಹಾಲಿನ ಅಂಟು ಒಣಗಿದ ಮೇಲೂ ಬಾಗುತ್ತದೆ, ಸ್ಪಂಜಿನ ಜೊತೆಗೇ ಹಿಗ್ಗುತ್ತದೆ. ಅದರಲ್ಲಿನ ಅಮೋನಿಯಾದ ಘಾಟು ಹೋಗಲು ಕಿಟಕಿ ತೆರೆದಿರಬೇಕು, ರಬ್ಬರ್ ಹಾಲು ಒಗ್ಗದವರು ಮುಟ್ಟಬಾರದು ಎಂಬುದಿಷ್ಟೇ ಎಚ್ಚರ. ಸ್ಪಂಜಿನ ಮೇಲೆ ಬಟ್ಟೆ ಹೊದಿಸಲು ಬಡಗಿಗಳು ಬಳಸುವ ಬಿಳಿ ಅಂಟೇ ಸಾಕು. ನಿಜವಾಗಿ ಭಾರ ಬೀಳುವುದು ಗದೆಯ ಹಿಡಿಯ ಬುಡದಲ್ಲಿ, ಬಾಲ ಸೊಂಟಕ್ಕೆ ಸೇರುವಲ್ಲಿ. ಅಲ್ಲಿ ನಂಬಬೇಕಾದ್ದು ಹೊಲಿಗೆಯನ್ನು, ಪಟ್ಟಿಯನ್ನು; ಯಾವ ಅಂಟನ್ನೂ ಅಲ್ಲ.

ಎರಡನೆಯ ಆಕ್ಷೇಪ ಸಮಯದ್ದು ಮತ್ತು ಲಭ್ಯತೆಯದು. ನೀರಿನ ಅಂಟು ನಿಧಾನವಾಗಿ ಒಣಗುತ್ತದೆ, ಅದರಲ್ಲೂ ಬೋನಾಲು, ಗಣೇಶ ಹಬ್ಬಗಳ ಮಳೆಗಾಲದಲ್ಲಿ ಇನ್ನೂ ತಡ. ರಬ್ಬರ್ ಹಾಲಿನ ಅಂಟು ಎಲ್ಲ ಅಂಗಡಿಗಳಲ್ಲೂ ಸಿಗದು. ಎರಡೂ ನಿಜ. ಆದರೆ ನಾಟಕದ ದಿನಾಂಕ ತಿಂಗಳ ಮೊದಲೇ ಗೊತ್ತಿರುತ್ತದೆ. ಗದೆಯನ್ನು ಹಿಂದಿನ ರಾತ್ರಿ ಮಾಡುವ ಅಭ್ಯಾಸ ಬಿಟ್ಟರೆ ಒಣಗಲು ಬೇಕಾದ ಒಂದು ದಿನ ತಾನಾಗಿ ಸಿಗುತ್ತದೆ. ಅವಸರಕ್ಕೆ ಫೆವಿಕ್ವಿಕ್‌ನಂಥ ಅಂಟು ಹಾಕುವವರಿದ್ದಾರೆ. ಅದು ಹತ್ತಿಬಟ್ಟೆಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು, ಮೆತ್ತನೆಯ ಸ್ಪಂಜಿನಲ್ಲಿ ಗಡಸು ಗೆರೆಯಾಗಿ ನಿಂತು ಬಿರಿಯುತ್ತದೆ. ಗ್ಲೂ ಗನ್ನಿನಲ್ಲಿ ದ್ರಾವಕವಿಲ್ಲ. ಆದರೆ ಕಡಿಮೆ ಬಿಸಿಯದೂ ಸುಮಾರು 120 ಡಿಗ್ರಿ ಕಾಯುವುದರಿಂದ ಅದು ದೊಡ್ಡವರ ಕೈಯಲ್ಲಿರಬೇಕು.

ನೀರಿನ ಅಂಟು ನಮ್ಮ ಕಸುಬಿಗೆ ಹೊಸದೂ ಅಲ್ಲ. ತೆಲಂಗಾಣದ ಚೇರಿಯಾಲ ಮುಖವಾಡಗಳು ಮರದ ಹುಡಿ ಮತ್ತು ಹುಣಸೆಬೀಜದ ಸರಿಯಿಂದ ಆದವು. 1956ರವರೆಗೆ ಹೈದರಾಬಾದ್ ರಾಜ್ಯದ್ದೇ ಆಗಿದ್ದ ಕೊಪ್ಪಳ ಸೀಮೆಯ ಕಿನ್ನಾಳದ ಕುಶಲಿಗಳೂ ಹುಣಸೆಬೀಜದ ಸರಿಯನ್ನೇ ನಂಬಿದವರು. ಆ ಸರಿ ಸ್ಪಂಜಿಗೆ ಹಿಡಿಯದು, ಒಣಗಿದರೆ ಪೆಡಸಾಗುತ್ತದೆ. ಹಾಗಾಗಿ ಅದಕ್ಕೇ ಮರಳಿ ಎಂಬುದು ನನ್ನ ವಾದವಲ್ಲ. ಮನೆಮಂದಿಯೆಲ್ಲ ಕೂತು ಮಾಡುವ ಕೆಲಸಕ್ಕೆ ಮನೆಯೊಳಗೆ ಇಡಬಹುದಾದ ಅಂಟನ್ನೇ ಅವರು ಆರಿಸಿಕೊಂಡಿದ್ದರಲ್ಲ, ಆ ವಿವೇಕ ನಮಗೆ ಬೇಕು.

ಸಿನಿಮಾದವರು ಹಳದಿ ಅಂಟನ್ನೇ ಬಳಸುತ್ತಾರಲ್ಲ ಎನ್ನುವವರಿಗೆ ಒಂದು ಮಾತು. ರಾಮೋಜಿ ಫಿಲ್ಮ್ ಸಿಟಿಯಂಥ ಕಡೆ ಕುಣಿತ, ಹೊಡೆದಾಟ, ಮಳೆ ಎಲ್ಲವನ್ನೂ ತಡೆಯಬೇಕಾದ ಸಾಮಾನು ಬೇಕಾಗಬಹುದು. ಅಲ್ಲಿಯೂ ಗಾಳಿ ಹೊರಹಾಕುವ ವ್ಯವಸ್ಥೆ, ದ್ರಾವಕದ ಆವಿ ತಡೆಯುವ ಮಾಸ್ಕ್, ಕಿಡಿಯಿಂದ ದೂರವಿರುವ ದಾಸ್ತಾನು ಇರಲೇಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು. ಇವು ಯಾವುವೂ ಇಲ್ಲದ ಶಾಲೆ, ಸಂಘಗಳು ಆ ಕೆಲಸವನ್ನು ಅನುಕರಿಸಬಾರದು. ಅನಿವಾರ್ಯವಾದರೆ ಹೊರಗೆ ಬಯಲಿನಲ್ಲಿ, ದೊಡ್ಡವರೊಬ್ಬರು ಬಳಿದು ತರಲಿ. ಶಾಲೆಯ ಸುತ್ತೋಲೆಯಲ್ಲಿ ಇದು ಒಂದು ಸಾಲಿನ ನಿಯಮವಾಗಲಿ. ತಯಾರಕರು ಡಬ್ಬಿಯ ಮೇಲೆ ದ್ರಾವಕದ ಹೆಸರನ್ನೂ ಎಚ್ಚರಿಕೆಯನ್ನೂ ಕನ್ನಡ, ತೆಲುಗು, ಉರ್ದುಗಳಲ್ಲಿ ಕಣ್ಣಿಗೆ ಕಾಣುವಂತೆ ಅಚ್ಚು ಹಾಕಲಿ. ಒಂದೇ ಫೆವಿಕಾಲ್ ಹೆಸರಿನಡಿ ನೀರಿನ ಬಿಳಿ ಅಂಟೂ ದ್ರಾವಕದ ಹಳದಿ ಅಂಟೂ ಸಿಗುವಾಗ ಹೆಸರು ಹೇಳಿ ಕೊಂಡರೆ ಸಾಲದು, ಡಬ್ಬಿಯನ್ನು ತಿರುಗಿಸಿ ಓದಬೇಕು. ಅಂಗಡಿಯಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ‘ಯಾವುದು ಗಟ್ಟಿ’ ಎಂದಿರದೆ ‘ಇದರಲ್ಲಿ ಏನಿದೆ’ ಎಂದಾಗಲಿ. ಭೀಮನ ಗದೆ ನಾಟಕ ಮುಗಿಯುವವರೆಗೆ ಬಾಳಿದರೆ ಸಾಕು, ಅದನ್ನು ಮಾಡಿದ ಮಗು ನೂರು ವರ್ಷ ಬಾಳಬೇಕು.